ಬೀರುವಿನ ವಿಭಕ್ತಿ

ಮನೆಯಲ್ಲಿರುವ ಬಟ್ಟೆಬರೆಗಳನ್ನು ಕಡಿಮೆ ಮಾಡುವುದು ಹೇಗೆಂದು ಹೇಳಿಕೊಡುವ ಬರಹ ಈಗ ಒಂದು ಪ್ರಕಾರವಾಗಿಯೇ ಬೆಳೆದಿದೆ. ಅದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಪುಸ್ತಕದಂಗಡಿಯವರು ಅವನ್ನು ಅಡುಗೆ, ವ್ಯಾಯಾಮದ ಪುಸ್ತಕಗಳ ಪಕ್ಕ ಇಡುತ್ತಾರೆ, ವಿಮರ್ಶಕರು ಆ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಲೋಕದ ತುಂಬ ಜನ ಅವನ್ನು ಓದಿ, ತಮ್ಮ ಬಟ್ಟೆಯನ್ನೆಲ್ಲ ನೆಲದ ಮೇಲೆ ಸುರುವಿಕೊಂಡು ಕೂತಿದ್ದಾರೆ. ಮನುಷ್ಯನಿಗೂ ವಸ್ತುವಿಗೂ ಇರುವ ಸಂಬಂಧದ ಬಗ್ಗೆ ಈ ಬರಹ ಏನನ್ನೋ ಗಟ್ಟಿಯಾಗಿ ನಂಬಿಸಿದೆ ಎಂದೇ ಇದರರ್ಥ. ಹಾಗೆ ನಂಬಿಸುವ ಶಕ್ತಿಯಿರುವ ಗದ್ಯವನ್ನು ಕಾವ್ಯ, ಕಾದಂಬರಿಗಳಷ್ಟೇ ಎಚ್ಚರದಿಂದ ಓದಬೇಕು ಅನ್ನಿಸಿ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ನಾನು ಈ ಪುಸ್ತಕಗಳನ್ನು ಹಿಡಿದದ್ದು ಕುತೂಹಲಕ್ಕಲ್ಲ, ಜಾಗದ ತಾಪತ್ರಯಕ್ಕೆ. ನಮ್ಮದು ಬೆಂಗಳೂರಿನಲ್ಲಿ ಒಂದು ಹಾಲು, ಒಂದು ರೂಮು, ಅಡುಗೆಮನೆ ಇರುವ ಬಾಡಿಗೆ ಮನೆ. ನಾನು, ನನ್ನ ಗಂಡ, ಹೈಸ್ಕೂಲಿಗೆ ಹೋಗುವ ಮಗಳು, ಮೂವರಿಗೂ ಸೇರಿ ಒಂದೇ ಬೀರು. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಕಡೆಯ ಹಳ್ಳಿಯಲ್ಲಿದ್ದ ಅಮ್ಮ ನಮ್ಮ ಜೊತೆಗೇ ಬಂದಿರುವುದೆಂದು ತೀರ್ಮಾನವಾಯಿತು. ಅವಳಿಗೆ ಬೀರುವಿನಲ್ಲಿ ಒಂದು ಖಾನೆ ಬೇಕು. ಎರಡು ಖಾನೆ ತುಂಬಿಕೊಂಡಿದ್ದವು ನಾನು ಕಾಲೇಜಿಗೆ ಉಟ್ಟುಕೊಂಡು ಹೋಗುವ ಸೀರೆಗಳು. ಎಣಿಸಿದೆ, 41 ಇದ್ದವು. ಕನ್ನಡ ಪಾಠ ಹೇಳುವವಳಾದ್ದರಿಂದ, ಕಡಿಮೆ ಮಾಡುವ ವಿದ್ಯೆಯ ಪುಸ್ತಕಗಳನ್ನು ಓದುವಾಗಲೂ ಕಣ್ಣು ವ್ಯಾಕರಣದ ಮೇಲೇ ಬಿತ್ತು.

ಈ ಪ್ರಕಾರದಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು ಜಪಾನಿನ ಮೇರಿ ಕೊಂಡೊ. ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಆಯಿತು. ವಿಧಾನ ಸರಳ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಸಣ್ಣಪುಟ್ಟ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಮನೆಯ ಮೂಲೆಮೂಲೆಯಲ್ಲಿರುವ ನಿಮ್ಮ ಬಟ್ಟೆಯನ್ನೆಲ್ಲ ತಂದು ಒಂದೇ ರಾಶಿ ಹಾಕಬೇಕು. ಒಂದೊಂದನ್ನೂ ಕೈಯಲ್ಲಿ ಹಿಡಿದು, ಒಳಗೆ ಖುಷಿ ಮಿಡಿಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಮಿಡಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಅದಕ್ಕೊಂದು ಕೃತಜ್ಞತೆ ಹೇಳಿ ಬಿಟ್ಟುಬಿಡುವುದು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಆಯುಧಪೂಜೆಯ ದಿನ ಹೊಲಿಗೆ ಯಂತ್ರಕ್ಕೂ ಸ್ಕೂಟರಿಗೂ ಕುಂಕುಮ ಇಡುವ ನಮಗೆ ವಸ್ತುವಿಗೆ ನಮಸ್ಕಾರ ಹೇಳುವುದು ವಿಚಿತ್ರವೇನೂ ಅಲ್ಲ.

ಈ ಕ್ರಮವನ್ನು ಒಂದು ವಾಕ್ಯವೆಂದುಕೊಂಡು ಅನ್ವಯ ಮಾಡಿ ನೋಡಿ. ಕರ್ತೃ 'ನಾನು', ಕರ್ಮ 'ಬಟ್ಟೆಯನ್ನು', ಕ್ರಿಯಾಪದ 'ಇಟ್ಟುಕೊಳ್ಳುತ್ತೇನೆ' ಅಥವಾ 'ಬಿಡುತ್ತೇನೆ'. ಪ್ರಥಮಾ ಇದೆ, ದ್ವಿತೀಯಾ ಇದೆ. ಚತುರ್ಥಿ? ಅದೂ ಒಂದು ಕಡೆ ಇದೆ, ಖುಷಿಯ ಪ್ರಶ್ನೆಯಲ್ಲಿ. ಕನ್ನಡದಲ್ಲಿ ಖುಷಿಯೂ ಹಸಿವೂ ಸಿಟ್ಟೂ ಬರುವುದು ಚತುರ್ಥಿಯಲ್ಲೇ ತಾನೆ: 'ನನಗೆ ಖುಷಿ', 'ನನಗೆ ಹಸಿವು'. ಆದರೆ ಆ ಪುಸ್ತಕದಲ್ಲಿರುವ ಚತುರ್ಥಿ ಈ 'ನನಗೆ' ಒಂದೇ. ಬಟ್ಟೆ ಮನೆಯಿಂದ ಹೊರಗೆ ಹೋಗುತ್ತದೆ, ಆದರೆ 'ಯಾರಿಗೆ' ಹೋಯಿತು ಎಂಬ ಪದ ವಾಕ್ಯದಲ್ಲಿ ಇಲ್ಲ.

ಇಲ್ಲದಿರುವುದಷ್ಟೇ ಅಲ್ಲ, ಅದಕ್ಕೆ ನಿಷೇಧವೂ ಇದೆ. ನಿಮಗೆ ಬೇಡವಾದದ್ದನ್ನು ಮನೆಯವರಿಗೆ ದಾಟಿಸಬೇಡಿ ಎಂದು ಕೊಂಡೊ ಸ್ಪಷ್ಟವಾಗಿ ಎಚ್ಚರಿಸುತ್ತಾರೆ, ತಾವು ತಂಗಿಗೆ ಬಟ್ಟೆ ದಾಟಿಸಿದ್ದನ್ನೇ ಉದಾಹರಣೆ ಕೊಡುತ್ತಾರೆ. ಹೊರಗೆ ತೊಡಲಾಗದ್ದನ್ನು ಮನೆಯಲ್ಲಿ ತೊಡಲು ಇಳಿಸಿಕೊಳ್ಳುವುದೂ ಕೂಡದು. ನಮ್ಮ ಮನೆಗಳ ಮಟ್ಟಿಗೆ ಬಟ್ಟೆಯ ಆಯುಷ್ಯವೆಂದರೆ ಇವೇ ಎರಡು ಹಾದಿಗಳು. ಅಕ್ಕನದು ತಂಗಿಗೆ, ಕಾಲೇಜಿನದು ಮನೆಗೆ, ಮನೆಯದು ಲಂಗಕ್ಕೆ, ಲಂಗದ್ದು ಮಸಿಬಟ್ಟೆಗೆ, ಕೊನೆಗೆ ಬಚ್ಚಲ ಹೊರಗಿನ ಕಾಲೊರಸಿಗೆ. ಒಂದೊಂದು ಮೆಟ್ಟಿಲಿಗೂ ಒಂದೊಂದು 'ಗೆ' ಇದೆ.

ಕೊಂಡೊ ಅವರ ನಿಷೇಧದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲು ಬರುವುದಿಲ್ಲ. ಕೊಡುವುದರ ಹೆಸರಿನಲ್ಲಿ ನಾವು ನಮ್ಮ ಅಪರಾಧಭಾವವನ್ನು ಇನ್ನೊಬ್ಬರ ಮನೆಗೆ ಸಾಗಿಸುತ್ತೇವೆ ಎಂಬುದು ಅವರ ಆಕ್ಷೇಪ. ನಮ್ಮಲ್ಲಿ ಇದು ಇನ್ನೂ ಕಹಿ. ಮನೆಕೆಲಸಕ್ಕೆ ಬರುವವರಿಗೆ ಹಳೆ ಸೀರೆ ಕೊಟ್ಟು, ಮಾರನೆಯ ವಾರ 'ಯಾಕೆ ಉಟ್ಟುಕೊಂಡು ಬರಲಿಲ್ಲ' ಎಂದು ಕೇಳುವ ದನಿಯನ್ನು ಎಲ್ಲರೂ ಕೇಳಿದ್ದೇವೆ. ಹಬ್ಬಕ್ಕೆ ಹೊಸದು ಕೊಡಬೇಕಾದಲ್ಲಿ ಹಳೆಯದನ್ನು ಇಸ್ತ್ರಿ ಮಾಡಿ ಕೊಡುವ ಜಾಣತನವನ್ನೂ ನೋಡಿದ್ದೇವೆ. ಹಳೆ ಬಟ್ಟೆ ಯಾರಿಂದ ಯಾರ ಕಡೆಗೆ ಹರಿಯುತ್ತದೆ ಎಂಬುದರಲ್ಲಿ ಜಾತಿಯ ಏಣಿಶ್ರೇಣಿ ಎದ್ದು ಕಾಣುತ್ತದೆ. ಹಾಗಾಗಿ 'ಗೆ' ಪ್ರತ್ಯಯ ಇದ್ದ ಮಾತ್ರಕ್ಕೆ ಕೊಡುವುದು ನಿರ್ಮಲವಾಗಿಬಿಡುವುದಿಲ್ಲ.

ಇಲ್ಲಿ ಹಳೆಯ ವೈಯಾಕರಣರು ಸಹಾಯಕ್ಕೆ ಬರುತ್ತಾರೆ. ಸಂಸ್ಕೃತ ವ್ಯಾಕರಣದಲ್ಲಿ ಚತುರ್ಥಿಯ ಮುಖ್ಯ ಅರ್ಥ ಸಂಪ್ರದಾನ, ಯಾರಿಗೆ ಕೊಡುತ್ತೇವೋ ಅವರು. ಆದರೆ ಎಲ್ಲ ಕೊಡುವಿಕೆಯೂ ಸಂಪ್ರದಾನವಲ್ಲ ಎಂದು ಪರಂಪರೆಯ ಒಂದು ಪಕ್ಷ ವಾದಿಸುತ್ತದೆ. ಅದಕ್ಕೆ ಅವರು ಕೊಡುವ ಉದಾಹರಣೆ ಬಟ್ಟೆಯದೇ! ಅಗಸನಿಗೆ ಬಟ್ಟೆ ಕೊಟ್ಟಾಗ ಅಲ್ಲಿ ಚತುರ್ಥಿ ಸಲ್ಲದು, ಷಷ್ಠಿ ಬರಬೇಕು ಎನ್ನುತ್ತಾರೆ. ಏಕೆಂದರೆ ಆ ಬಟ್ಟೆ ವಾಪಸು ಬರುತ್ತದೆ, ನನ್ನದೆಂಬ ಹಕ್ಕು ಅದರ ಮೇಲೆ ಉಳಿದೇ ಇರುತ್ತದೆ. ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಾಗ ಮಾತ್ರ ನಿಜವಾದ ಚತುರ್ಥಿ. ಕನ್ನಡ ಈ ಭೇದ ಮಾಡುವುದಿಲ್ಲ. ಅಗಸನಿಗೂ ಕೊಟ್ಟೆ, ತಂಗಿಗೂ ಕೊಟ್ಟೆ ಎನ್ನುತ್ತೇವೆ. ಆದರೆ 'ನಾನು ಕೊಟ್ಟ ಸೀರೆ ಯಾಕೆ ಉಡಲಿಲ್ಲ' ಎಂದು ಕೇಳುವವರ ಕೊಡುಗೆ ಯಾವ ವಿಭಕ್ತಿಯದು ಎಂದು ಅಳೆಯಲು ಇದು ಒಳ್ಳೆಯ ಅಳತೆಗೋಲು. ಅವರದು ಅಗಸನಿಗೆ ಕೊಟ್ಟಂತೆ, ಕೃತಜ್ಞತೆಯ ರೂಪದಲ್ಲಿ ಅದು ಮಡಿಯಾಗಿ ವಾಪಸು ಬರಬೇಕು.

ಕೊಂಡೊ ಮನೆಯ ಬಗ್ಗೆ ಬರೆದರೆ, ಕೆಲಸದ ಉಡುಪಿನ ಬಗ್ಗೆ ಬರೆದವರ ದಾರಿ ಬೇರೆ. ಲಂಡನ್ನಿನಲ್ಲಿ 1970ರ ದಶಕದಲ್ಲಿ ಬಟ್ಟೆಯಂಗಡಿ ನಡೆಸುತ್ತಿದ್ದ ಸೂಸಿ ಫಾಕ್ಸ್ 'ಕ್ಯಾಪ್ಸೂಲ್ ವಾರ್ಡ್‌ರೋಬ್' ಎಂಬ ಮಾತನ್ನು ಬಳಕೆಗೆ ತಂದರು. ನ್ಯೂಯಾರ್ಕಿನ ಡೊನಾ ಕರನ್ 1985ರಲ್ಲಿ ಏಳೇ ಉಡುಪುಗಳ ಒಂದು ಕಟ್ಟನ್ನು ಮಾರುಕಟ್ಟೆಗೆ ಬಿಟ್ಟರು. ಕಚೇರಿಗೆ ಹೋಗುವ ಹೆಂಗಸಿಗೆ ಬೆಳಗಿನ ಗೊಂದಲ ತಪ್ಪಬೇಕು, ಯಾವುದರ ಮೇಲೆ ಯಾವುದನ್ನು ಹಾಕಿಕೊಂಡರೂ ಹೊಂದಬೇಕು ಎಂಬುದು ಅದರ ಹಿಂದಿನ ವಿಚಾರ. ಗಣಿತ ಚೊಕ್ಕವಾಗಿದೆ. ಮೂರು ಕೆಳಗಿನವು, ನಾಲ್ಕು ಮೇಲಿನವು ಇದ್ದರೆ 12 ಜೋಡಿ.

ಸೀರೆಗೆ ಈ ಗಣಿತ ಹಿಡಿಸುವುದಿಲ್ಲ, ಅಲ್ಲಿ ಲೆಕ್ಕ ಕೆಡಿಸುವುದು ಬ್ಲೌಸು. ಸೀರೆ ಹೊಲಿಗೆಯಿಲ್ಲದ ಐದೂವರೆ ಮೀಟರ್ ಬಟ್ಟೆ. ಅದಕ್ಕೆ ಅಳತೆ ಇಲ್ಲ, ವಯಸ್ಸಿಲ್ಲ. ಅಜ್ಜಿಯದನ್ನು ಮೊಮ್ಮಗಳು ಉಡಬಹುದು, ಬಾಣಂತಿಯೂ ಉಡಬಹುದು. ಬ್ಲೌಸಾದರೋ ಒಬ್ಬಳದೇ, ಅದೂ ಒಂದು ಕಾಲದ ಅವಳದು. ಬೀರುವಿನಲ್ಲಿ ಜಾಗ ತಿನ್ನುವ ಸೀರೆಗಳಲ್ಲಿ ಅರ್ಧದಷ್ಟು, ಬ್ಲೌಸು ಬಿಗಿಯಾಯಿತೆಂದು ಉಡದೆ ಬಿಟ್ಟವು. ಪ್ರತಿ ಸೀರೆಗೂ ಅದರದೇ ಬ್ಲೌಸು ಎಂಬ ನಿಯಮ ಬಿಟ್ಟು, ಕಪ್ಪು, ಕುಂಕುಮ, ಸಾಸಿವೆ ಬಣ್ಣದ ಮೂರು ಬ್ಲೌಸು ಹೊಲಿಸಿಕೊಂಡರೆ ಡೊನಾ ಕರನ್ ಗಣಿತ ನಮ್ಮ ಮನೆಗೂ ಬರುತ್ತದೆ. ಸೀರೆ ತನ್ನ ಸ್ವಭಾವದಿಂದಲೇ ಚತುರ್ಥಿಯದು, ಯಾರಿಗೆ ಬೇಕಾದರೂ ಸಲ್ಲುತ್ತದೆ. ಬ್ಲೌಸು ಅಪ್ಪಟ ಷಷ್ಠಿ, 'ನನ್ನ' ಎಂಬುದನ್ನು ಬಿಡುವುದಿಲ್ಲ.

ಇನ್ನು ಎಷ್ಟು ಸಾಕು ಎಂಬ ಪ್ರಶ್ನೆ. ಸಣ್ಣ ಮನೆಯಲ್ಲಿ ಇದನ್ನು ತೀರ್ಮಾನಿಸುವುದು ಖುಷಿಯಲ್ಲ, ಬಟ್ಟೆ ಒಣಹಾಕುವ ಹಗ್ಗ. ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಒಂದು ಸಲಕ್ಕೆ ಎರಡು ಸೀರೆ ಹಿಡಿಸುತ್ತದೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಗಂಜಿ ಹಾಕಿದ ಕಾಟನ್ ಸೀರೆ ಒಣಗಲು ಎರಡು ದಿನ ಬೇಕು. ಇಸ್ತ್ರಿ ಅಂಗಡಿಯಿಂದ ಬರಲು ಇನ್ನೆರಡು ದಿನ. ಲೆಕ್ಕ ಹಾಕಿದೆ: ಮೈಮೇಲೆ ಒಂದು, ಒಗೆಯಲು ಕಾದದ್ದು ಎರಡು, ಹಗ್ಗದ ಮೇಲೆ ಎರಡು, ಇಸ್ತ್ರಿಗೆ ಹೋದದ್ದು ಎರಡು, ನಾಳೆಗೆ ಒಂದು, ಇದ್ದಕ್ಕಿದ್ದಂತೆ ಬೇಕಾದೀತೆಂದು ಒಂದು. ಒಟ್ಟು 9. ನಾನು ಓದಿದ ಯಾವ ಪುಸ್ತಕವೂ ಹಗ್ಗದ ಉದ್ದ ಕೇಳಲಿಲ್ಲ, ಮಳೆಯ ಬಗ್ಗೆ ಕೇಳಲಿಲ್ಲ, ಯಾರು ಒಗೆಯುತ್ತಾರೆ ಎಂದೂ ಕೇಳಲಿಲ್ಲ.

ಈ ಕೊನೆಯ ಮೌನಕ್ಕೆ ದೊಡ್ಡ ಪೂರ್ವಿಕರೇ ಇದ್ದಾರೆ. ಸರಳ ಬದುಕಿನ ಮಾತು ಬಂದಾಗಲೆಲ್ಲ ನೆನಪಾಗುವ ಥೋರೋ, 1854ರ 'ವಾಲ್ಡನ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಉಡುಪಿನ ಬಗ್ಗೆ ಹರಿತವಾಗಿ ಬರೆಯುತ್ತಾರೆ. ಹೊಸ ಬಟ್ಟೆ ಬೇಡುವ ಕೆಲಸಗಳ ಬಗ್ಗೆ ಎಚ್ಚರವಿರಲಿ ಎಂಬುದು ಅವರ ಮಾತಿನ ಸಾರ. ಅವರ ಗುಡಿಸಲು 10 ಅಡಿ ಅಗಲ, 15 ಅಡಿ ಉದ್ದ, ನಮ್ಮ ಹಾಲಿನಷ್ಟೇ. ಅವರು ಪೈಸೆಪೈಸೆಗೂ ಲೆಕ್ಕ ಇಡುವವರು. ಎಂಟು ತಿಂಗಳಿಗೆ ಬಟ್ಟೆಯ ಖರ್ಚು 8 ಡಾಲರ್ 40 ಸೆಂಟ್ ಚಿಲ್ಲರೆ ಎಂದು ಬರೆದಿದ್ದಾರೆ. ಆದರೆ ಅದೇ ಲೆಕ್ಕದ ನಡುವೆ, ಒಗೆಯುವುದು ಮತ್ತು ರಿಪೇರಿ ಬಹುಪಾಲು ಮನೆಯ ಹೊರಗೇ ಆಯಿತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂಬ ಒಂದು ಮಾತು ಸದ್ದಿಲ್ಲದೆ ಕೂತಿದೆ. ಥೋರೋ ಪ್ರಾಮಾಣಿಕರು, ಆ ಮಾತನ್ನು ಬರೆದಾದರೂ ಇಟ್ಟರು. ಈಗಿನ ಪುಸ್ತಕಗಳು ಅಷ್ಟನ್ನೂ ಬರೆಯುವುದಿಲ್ಲ. ಕಡಿಮೆ ಬಟ್ಟೆ ಎಂದರೆ ಮೇಲಿಂದ ಮೇಲೆ ಒಗೆತ. ಒಗೆಯುವ ಕೈ ಲೆಕ್ಕದೊಳಗೆ ಬರದಿದ್ದರೆ ಸರಳತೆ ಬಹಳ ಅಗ್ಗವಾಗಿ ಕಾಣುತ್ತದೆ.

ಕೆಲಸದ ಉಡುಪಿನ ಬಗ್ಗೆ ಇದಕ್ಕಿಂತ ಆಳವಾಗಿ ತಿಳಿದಿದ್ದವರು ಕಥೆಗಾರರು. ಗೊಗೋಲನ 'ಓವರ್‌ಕೋಟ್' 1842ರದು. ಅದರ ಅಕಾಕಿ ಅಕಾಕಿಯೆವಿಚ್ ಪೀಟರ್ಸ್‌ಬರ್ಗಿನ ಸಣ್ಣ ಗುಮಾಸ್ತ. ಅವನ ಬಳಿ ಇರುವುದು ಒಂದೇ ಕೋಟು. ಇನ್ನು ತೇಪೆ ಹಾಕಲು ಬಟ್ಟೆಯೇ ಉಳಿದಿಲ್ಲ ಎಂದು ದರ್ಜಿ ಕೈಬಿಟ್ಟಾಗ ಅವನು 80 ರೂಬಲ್ ಕೂಡಿಸಬೇಕಾಗುತ್ತದೆ. ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದು ಬಿಡುತ್ತಾನೆ, ಅಟ್ಟೆ ಸವೆಯದಂತೆ ಬೀದಿಯಲ್ಲಿ ತುದಿಗಾಲಲ್ಲಿ ನಡೆಯುತ್ತಾನೆ, ಒಳಬಟ್ಟೆ ಸವೆಯಬಾರದೆಂದು ಮನೆಯಲ್ಲಿ ಹಳೆಯ ನಿಲುವಂಗಿಯೊಂದನ್ನೇ ತೊಟ್ಟುಕೊಂಡು ಕೂರುತ್ತಾನೆ. ಕಡಿಮೆಯಲ್ಲಿ ಬದುಕುವುದರಲ್ಲಿ ಅವನನ್ನು ಮೀರಿಸುವವರು ಯಾರು? ಆದರೂ ಅವನಿಗೆ ಹೊಸ ಕೋಟು ಬೇಕೇ ಬೇಕು, ಚಳಿಗೂ ಬೇಕು, ಕಚೇರಿಗೂ ಬೇಕು. ಹಳೆಯ ಕೋಟನ್ನು ಗೇಲಿ ಮಾಡಿ ನಗುತ್ತಿದ್ದ ಸಹೋದ್ಯೋಗಿಗಳು ಹೊಸದನ್ನು ಕಂಡ ದಿನ ಅವನನ್ನು ಮೊದಲ ಸಲ ಮನುಷ್ಯನಂತೆ ನೋಡುತ್ತಾರೆ. ಅದೇ ರಾತ್ರಿ ಕೋಟು ಕಳವಾಗುತ್ತದೆ. ಉಡುಪಿನ ವಿಷಯದಲ್ಲಿ 'ನನಗೆ ಎಷ್ಟು ಸಾಕು' ಎಂದು ಒಬ್ಬನೇ ಕೂತು ತೀರ್ಮಾನಿಸಲಾಗುವುದಿಲ್ಲ, ನೋಡುವ ಕಣ್ಣುಗಳೂ ಆ ತೀರ್ಮಾನದಲ್ಲಿ ಪಾಲುದಾರರು ಎಂಬುದನ್ನು ಗೊಗೋಲ್ ಒಂದು ಕೋಟಿನಲ್ಲಿ ತೋರಿಸಿಬಿಟ್ಟ. ನಮ್ಮ ಸ್ಟಾಫ್ ರೂಮಿನಲ್ಲಿ ಮೇಡಂಗಳು ಸೀರೆಯನ್ನೇ ಉಡಬೇಕೆಂದು ಬರೆದ ನಿಯಮವೇನಿಲ್ಲ. ಒಂದೇ ಸೀರೆಯನ್ನು ವಾರದಲ್ಲಿ ಎರಡು ಸಲ ಉಟ್ಟರೆ ಗಮನಿಸುವವರು ಮಾತ್ರ ಇದ್ದೇ ಇದ್ದಾರೆ.

ನೋಡುವ ಕಣ್ಣಿನ ಮಾತು ಬಂದ ಮೇಲೆ ನಮ್ಮ ದೇಶದ ಎರಡು ಘಟನೆಗಳನ್ನು ಬಿಟ್ಟು ಮುಂದೆ ಹೋಗಲಾಗದು. 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಗಾಂಧೀಜಿ ಉಡುಪನ್ನೆಲ್ಲ ಬಿಟ್ಟು ತುಂಡು ಪಂಚೆಗೆ ಇಳಿದರು. ವಿದೇಶಿ ಬಟ್ಟೆ ಬಿಡಿ ಎಂದರೆ ಅದರ ಬದಲಿಗೆ ಖಾದಿ ಕೊಳ್ಳಲು ಬಡವರ ಬಳಿ ದುಡ್ಡಿರಲಿಲ್ಲ, ಅವರಿಗಾಗಿ ತಾವೇ ಕಡಿಮೆ ಉಟ್ಟು ತೋರಿಸಿದರು. ಆರು ವರ್ಷಗಳ ನಂತರ, 1927ರ ಡಿಸೆಂಬರ್‌ನಲ್ಲಿ, ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳಿಗೆ ಹೇಳಿದ್ದು ಇನ್ನೊಂದು ದಿಕ್ಕಿನ ಮಾತು. ಕೀಳೆಂದು ಗುರುತು ಹಚ್ಚುವ ರೀತಿಯಲ್ಲಿ ಸೀರೆ ಉಡುವುದನ್ನು ಬಿಡಿ, ಮೇಲ್ಜಾತಿಯ ಹೆಂಗಸರು ಉಡುವಂತೆಯೇ ನೀವೂ ಉಡಿ ಎಂದರು. ತಾವು ಸೂಟು ತೊಟ್ಟು ನಿಂತರು. ಒಬ್ಬರು ಬಟ್ಟೆ ಕಳೆದದ್ದೂ ಇನ್ನೊಬ್ಬರು ತೊಟ್ಟದ್ದೂ ತಮ್ಮೊಬ್ಬರ ಖುಷಿಗಲ್ಲ, ಎರಡರಲ್ಲೂ 'ಅವರಿಗಾಗಿ' ಎಂಬುದು ಇತ್ತು. ಆದರೆ ಚೆನ್ನಾಗಿ ಉಡುವ ಹಕ್ಕನ್ನೇ ತಲೆಮಾರುಗಳಿಂದ ನಿರಾಕರಿಸಿದ್ದ ಜನಕ್ಕೆ ಕಡಿಮೆ ಉಡುವುದು ಆದರ್ಶವಾಗಿ ಕಾಣಬೇಕಿಲ್ಲ. ಬೀರು ತುಂಬಿದವರು ಮಾತ್ರ ಬೀರು ಖಾಲಿ ಮಾಡುವ ಸುಖ ಪಡೆಯಬಹುದು ಎಂಬ ಸರಳ ಸತ್ಯ ಈ ಪ್ರಕಾರದ ಪುಸ್ತಕಗಳಿಗೆ ಕಾಣುವುದೇ ಇಲ್ಲ.

ಕನ್ನಡದಲ್ಲಿ ಸಣ್ಣ ಮನೆಯ ಅರ್ಥಶಾಸ್ತ್ರ ತಿಳಿಯಬೇಕೆಂದರೆ ನಾನು ವಿದ್ಯಾರ್ಥಿಗಳಿಗೆ ಹೇಳುವುದು ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿ ಎಂದು. ಅಲ್ಲಿನ ಕುಟುಂಬ ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿರುವ ಪುಟ್ಟ ಮನೆಯಲ್ಲಿದ್ದಾಗ, ಸಣ್ಣದೊಂದು ಖರೀದಿಯೂ ಎಲ್ಲರ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಚಿಕ್ಕಪ್ಪನ ವ್ಯಾಪಾರ ಕುದುರಿ ದೊಡ್ಡ ಮನೆಗೆ ಹೋದ ಮೇಲೆ ವಸ್ತುಗಳು ತಾವಾಗಿ ಬಂದು ತುಂಬಿಕೊಳ್ಳುತ್ತವೆ, ಯಾರು ಯಾರಿಗಾಗಿ ಏನು ತಂದರು ಎಂಬುದು ಅಳಿಸಿಹೋಗುತ್ತದೆ. ಬಿಡಿಸಲಾಗದ ಗಂಟಿಗೆ ಆ ಮನೆಯ ಸೊಸೆ ತವರಿನಿಂದ ತಂದ ಗುಟ್ಟಿನ ಪದವೇ ಕಾದಂಬರಿಯ ಹೆಸರು. ಮನೆ ಸಣ್ಣದಿದ್ದದ್ದು ಒಳ್ಳೆಯದಿತ್ತು ಎಂಬ ಹಳಹಳಿಕೆ ಅದರಲ್ಲಿಲ್ಲ, ಪುಟ್ಟ ಮನೆಯ ಇರುವೆಗಳ ಕಾಟ, ಇಕ್ಕಟ್ಟು ಎಲ್ಲವೂ ಇದೆ. ಆದರೆ ವಸ್ತುವಿನ ಹಿಂದೆ ಒಂದು ಮಾತುಕತೆ ಇದ್ದಾಗ ಅದು ವಸ್ತುವಾಗಿ ಉಳಿಯುತ್ತದೆ, ಮಾತು ನಿಂತಾಗ ಸರಕಾಗುತ್ತದೆ ಎಂಬುದು ಆ ಪುಟ್ಟ ಪುಸ್ತಕದಿಂದ ನನಗೆ ಹೊಳೆದದ್ದು. ಕಡಿಮೆ ಮಾಡುವ ಪುಸ್ತಕಗಳು ಸರಕನ್ನು ಹೊರಗೆ ಹಾಕಲು ಕಲಿಸುತ್ತವೆ, ಮಾತನ್ನು ಒಳಗೆ ತರಲು ಕಲಿಸುವುದಿಲ್ಲ.

ನಮ್ಮ ಮನೆಯ ಮಾತು ನಡೆದದ್ದು ಫೋನಿನಲ್ಲಿ. 32 ಸೀರೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಅಮ್ಮ, "ಒಗೀಬ್ಯಾಡ, ನನಗ ಕೊಡವಾ, ಕೌದಿಗೆ ಬರ್ತಾವ" ಅಂದಳು. ಒಂದು ಸಾಲಿನಲ್ಲಿ ಎರಡು ಚತುರ್ಥಿ! ಉತ್ತರ ಕರ್ನಾಟಕದ ಕೌದಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೆತ್ತಗಾದ ಹಳೆ ಸೀರೆ, ಧೋತರದ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲಾಗಿ ದಾರ ಓಡಿಸಿ ಹೊಲಿದ ಹಾಸಿಗೆ-ಹೊದಿಕೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ 'ಫೂಲ'ಗಳು ಇರಲೇಬೇಕು, ಅವಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಭಾವನೆ. ಯಾರ ಸೀರೆಯ ತುಂಡು ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ, ಆದರೆ ಕೌದಿ ಅವರಲ್ಲಿ ಯಾರೊಬ್ಬರದೂ ಅಲ್ಲ. ಹಕ್ಕು ಬಿಟ್ಟುಹೋದ ಬಟ್ಟೆ, ನೆನಪು ಬಿಡದ ಬಟ್ಟೆ. ವೈಯಾಕರಣರು ಕೇಳಿದ ನಿಜವಾದ ಸಂಪ್ರದಾನ ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು? ನನ್ನ ಸೀರೆಗಳಲ್ಲಿ 14 ಕೌದಿಗೆ ಹೋದವು. ಆರನ್ನು ಅಮ್ಮ ಉಡಲೆಂದೇ ಇಟ್ಟುಕೊಂಡಳು, ಹನ್ನೆರಡನ್ನು ತಂಗಿ ತಾನೇ ಬಂದು ಆರಿಸಿಕೊಂಡಳು, ಬೇಡವೆನ್ನುವ ಸ್ವಾತಂತ್ರ್ಯ ಅವಳಿಗಿತ್ತು. ಬೀರುವಿನ ನಡುಖಾನೆಯಲ್ಲಿ ಈಗ ಅಮ್ಮನ ಇಳಕಲ್ ಸೀರೆಗಳು, ಅಪ್ಪನ ಒಂದು ರುಮಾಲು ಇವೆ.

ಈ ಪ್ರಕಾರದ ಪುಸ್ತಕಗಳನ್ನು ನಾನು ಬೇಡವೆನ್ನುತ್ತಿಲ್ಲ. ವಸ್ತುಗಳ ನಡುವೆ ಉಸಿರುಗಟ್ಟಿದವರಿಗೆ ಅವು ಮೊದಲ ಹೆಜ್ಜೆ ಇಡಿಸುತ್ತವೆ, ಅದು ಸಣ್ಣ ಉಪಕಾರವಲ್ಲ. ನನ್ನ ತಕರಾರು ಅವುಗಳ ವಾಕ್ಯರಚನೆಯ ಮೇಲೆ. ಕನ್ನಡದಲ್ಲಿ ಇಂಥದೊಂದು ಪುಸ್ತಕ ಯಾರಾದರೂ ಬರೆಯುವುದಾದರೆ, ಎಷ್ಟು ಇಟ್ಟುಕೊಳ್ಳಲಿ ಎಂಬುದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಬಟ್ಟೆ ಇನ್ನು ಯಾರಿಗೆ? ಕೊಟ್ಟ ಮೇಲೆ ಅದರ ಮೇಲೆ ನನ್ನ ಹಕ್ಕೇನಾದರೂ ಉಳಿದಿದೆಯೇ? ಉಳಿಸಿಕೊಂಡ ಒಂಬತ್ತನ್ನು ಒಗೆಯುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ಬರೆಯದ ಸರಳತೆಯ ಪುಸ್ತಕ ಯಾವುದೇ ಆಗಲಿ, ಥೋರೋ ಲೆಕ್ಕದ ಹಾಗೆ ಅಪೂರ್ಣ. ಅದರ ಬಿಲ್ಲು ಇನ್ನೂ ಬರಬೇಕಿದೆ.